ಎರಡು ಬಿಲ್ಲು

ನಮ್ಮ ಅಂಗಡಿಯಲ್ಲಿ ಎರಡು ಬಿಲ್ಲಿವೆ.
ಒಂದು ಅಟ್ಟದ ಕೆಳಗೆ ಮೊಳೆಗೆ ತೂಗಿದ್ದು, ದಾದಾನದು.
ಅದರ ಹುರಿ ಮಿಡಿದರೆ
ಮಂಡಿಮೊಹಲ್ಲಾದ ಅರ್ಧ ಬೀದಿಗೆ
ಟೊಂಯ್ ಟೊಂಯ್ ಎಂದೇ ಬೆಳಗಾಗುತ್ತಿತ್ತಂತೆ.
ಇನ್ನೊಂದು, ತಿಂಗಳ ಒಂದನೇ ತಾರೀಖು
ಫೋನಿಗೆ ಬಂದು ಬೀಳುವುದು.
ಮೊದಲನೆಯದು ಹತ್ತಿ ಬಿಡಿಸುತ್ತಿತ್ತು.
ಎರಡನೆಯದು ನನ್ನನ್ನು.

ತಂಗಿಯ ಮಗಳು ತಸ್ಕೀನ್, ಬಿ.ಕಾಂ. ಎರಡನೇ ವರ್ಷ,
ಸ್ಟೂಲಿನ ಮೇಲೆ ಕೂತು ಜಾಹೀರಾತು ನೋಡಿಕೊಳ್ಳುತ್ತಾಳೆ.
"ಮಾಮೂ, ಮುಂಚೆ 'ಹಾಸಿಗೆ' ಅಂತ ಯಾರು ಹುಡುಕಿದರೂ
ಒಂದು ಒತ್ತಿಗೆ ಒಂಬತ್ತು ರೂಪಾಯಿ.
ಈಗ ಏನು ಹುಡುಕಿದರು ಅನ್ನೋದಲ್ಲ,
ಹುಡುಕಿದವರು ಯಾರು ಅನ್ನೋದರ ಮೇಲೆ ರೇಟು."
ಹೋದ ವಾರ ಛತ್ರ ವಿಚಾರಿಸಿದವರು,
ಮೊನ್ನೆ ಸೊಂಟನೋವಿನ ಎಣ್ಣೆ ಕೇಳಿದವರು,
ಬೋಗಾದಿಯಲ್ಲಿ ಮನೆ ನೋಡಿ
ಗೃಹಪ್ರವೇಶಕ್ಕೆ ದಿನ ಹುಡುಕಿದವರು,
ಅವರೇ ಇವತ್ತು 'ಹಾಸಿಗೆ' ಅಂದರೆ
ಐವತ್ತೆರಡು.

ಅಲ್ಲ ಮಗಳೇ, ಹರಾಜು ನನಗೂ ಗೊತ್ತು.
ಬಂಡೀಪಾಳ್ಯದಲ್ಲಿ ಮೂಟೆ ಬಿಚ್ಚಿಸಿ
ಎಳೆ ಎಳೆದು ನೋಡಿ ಕೂಗಿದವನು ನಾನು.
ಇಲ್ಲಿ ಮೂಟೆ ಕಾಣುವುದಿಲ್ಲ, ಮುಟ್ಟುವ ಹಾಗಿಲ್ಲ,
ಕೂಗೂ ನನ್ನದಲ್ಲ:
ನನ್ನ ಪರವಾಗಿ ಅವನೇ ಕೂಗುತ್ತಾನೆ,
ನನ್ನ ದುಡ್ಡಿನಲ್ಲಿ, ಅವನದೇ ಕಟ್ಟೆಯಲ್ಲಿ.
ಕಾಳು ಜೊಳ್ಳು ಬೆರೆತಿದ್ದಾಗ
ಫೋಮಿನ ದೊಡ್ಡ ಕಂಪನಿಗಳು ಇತ್ತ ತಲೆ ಹಾಕಿರಲಿಲ್ಲ.
ತೂರಿ ಬೇರೆ ಮಾಡಿಟ್ಟಿದ್ದೇ ತಡ,
ಐದು ಜನ ಬಂದು ನಿಂತರು ಮೊರದ ಸುತ್ತ.

"ಆದರೂ ಬಂದವರು ಕೊಳ್ಳುತ್ತಾರಲ್ಲ ಮಾಮೂ."
ನಿಜ, ಸುಳ್ಳು ಹೇಳಬಾರದು.
ನೂರು ಒತ್ತಿಗೆ ಇಬ್ಬರು ಬರುತ್ತಿದ್ದರು,
ಈಗ ಇಪ್ಪತ್ತಕ್ಕೇ ಇಬ್ಬರು.
ಹಾಸಿಗೆ ಬಟ್ಟೆಯ ಚೂರಿನ ಮೇಲೆ ಸೀಮೆಸುಣ್ಣದಲ್ಲಿ ಗುಣಿಸಿದೆ:
ಆಗ ತಲೆಗೆ ನಾನೂರೈವತ್ತು,
ಈಗ ಐನೂರಿಪ್ಪತ್ತು.
ನಡುವಿನ ಎಪ್ಪತ್ತು ರೂಪಾಯಿ
ಯಾರ ದಿಂಬಿನೊಳಗೆ ಹೋಯಿತು?

ನಜರ್‌ಬಾದಿನ ಮರಿಯಪ್ಪ ಮೇಷ್ಟ್ರು
ಮೂರು ತಲೆಮಾರಿಂದ ನಮ್ಮ ಹಾಸಿಗೆಯ ಮೇಲೇ ಹುಟ್ಟಿದವರು.
ನಂಬರು ಮರೆತು ಅಂಗಡಿಯ ಹೆಸರೇ ಹುಡುಕಿ
ಮೇಲೆ ಕಂಡದ್ದನ್ನು ಒತ್ತಿದರಂತೆ.
ನಮ್ಮವರು ನಮ್ಮ ಹೊಸ್ತಿಲು ದಾಟಲಿಕ್ಕೆ
ನಾನೇ ಸುಂಕ ಕಟ್ಟಿದೆ.
ಸುಂಕದವನ ಮುಂದೆ ಸುಖದುಃಖ ಹೇಳಬಾರದು ಅಂತಾರೆ.
ಈ ಸುಂಕದವನಿಗೆ
ಊರಿನ ಸುಖದುಃಖವೇ ಸರಕು.

ಹಾಗಂತ ಒಂದು ರೂಪಾಯಿಯವರೂ ಇದ್ದಾರೆ,
ಯಾವ ಮೊರಕ್ಕೂ ಬೀಳದವರು.
ಅಂಥವರಲ್ಲಿ ಒಬ್ಬಾಕೆ, ಸಾತಗಳ್ಳಿಯಿಂದ,
ಸಿಟಿ ಬಸ್ಸಿನಲ್ಲಿ ಗಂಟು ಹೊತ್ತು ಬಂದಳು.
"ಅವರು ಮಲಗುತ್ತಿದ್ದದ್ದು. ಹತ್ತಿ ಬಿಡಿಸಿ
ಎರಡು ದಿಂಬು ಮಾಡಿಕೊಡ್ತೀರಾ?"
ಮೆಷಿನ್ನಿಗೆ ಹಾಕಲು ಮನಸ್ಸಾಗದೆ
ದಾದಾನ ಬಿಲ್ಲು ಇಳಿಸಿದೆ.
ಹುರಿ ಹರಿದಿತ್ತು.
ಮೆಷಿನ್ನಿಗೇ ಹಾಕಿದೆ.

ನಿನ್ನೆ ರಾತ್ರಿ ಎರಡು ಗಂಟೆ.
ಬಿಲ್ಲಿನ ಯೋಚನೆ, ಮಗ್ಗುಲು ಬದಲಿಸಿ ಸಾಕಾಗಿ
ಫೋನಿನಲ್ಲಿ ಕೇಳಿದೆ: ನಿದ್ದೆ ಬರಲು ಏನು ಮಾಡಬೇಕು?
ಎಲ್ಲದಕ್ಕಿಂತ ಮೇಲೆ ಬಂದದ್ದು
ಎದುರು ಅಂಗಡಿಯ ಜವರಪ್ಪ:
ಸುಖನಿದ್ರೆ, ಹತ್ತು ವರ್ಷ ಗ್ಯಾರಂಟಿ.
ಬೆರಳು ಜಾರಿತು ಅನ್ನಲಾರೆ. ಒತ್ತಿದೆ.
ಅವನ ಐವತ್ತೆರಡು ಹೋಯಿತು.
ನಾಳೆ ಟೀ ಅಂಗಡಿಯಲ್ಲಿ ಸಿಕ್ಕರೆ
ಅವನ ಟೀ ಕಾಸು ನಾನೇ ಕೊಡಬೇಕು ಅಂದುಕೊಂಡು
ಕಿಟಕಿಯಾಚೆ ನೋಡಿದೆ.
ಅವನ ಮಹಡಿಯಲ್ಲೂ ದೀಪ.

ಅಷ್ಟರಲ್ಲಿ ದಿಂಬಿನ ಕೆಳಗೆ ನನ್ನ ಫೋನು
ಸಣ್ಣಗೆ ನಡುಗಿತು:
ಯಾರೋ ಈಗಷ್ಟೇ ನಮ್ಮ ಜಾಹೀರಾತು ಒತ್ತಿದ್ದಾರೆ.
ಎದುರಿನ ದೀಪ ಆರಿತು.